ಸಾಕವ್ವನ ಹುಂಜ

ನಮ್ಮ ವಿಮರ್ಶೆಗೆ ಒಂದು ಚಾಳಿ ಅಂಟಿಕೊಂಡಿದೆ. ಕಥೆಯಲ್ಲಿ ಒಂದು ಪ್ರಾಣಿಯೋ ಪಕ್ಷಿಯೋ ಕಣ್ಣಿಗೆ ಬಿದ್ದರೆ ಸಾಕು, ಅದರ ಗರಿ ಕಿತ್ತು ‘ಪ್ರತೀಕ’ವೆಂಬ ಪಾತ್ರೆಗೆ ಹಾಕಿಬಿಡುತ್ತೇವೆ. ಅನ್ಯರನ್ನು ದೂರಿ ಫಲವಿಲ್ಲ. ಈ ಅಡುಗೆಯನ್ನು ನಾನೇ ಹದಿನೈದು ವರ್ಷ ತರಗತಿಯಲ್ಲಿ ಮಾಡಿದ್ದೇನೆ. ದೇವನೂರ ಮಹಾದೇವರ ‘ಒಡಲಾಳ’ದ ಮೊದಲಲ್ಲೇ ಸಾಕವ್ವ ಕಳೆದುಹೋದ ತನ್ನ ಹುಂಜವನ್ನು ಹುಡುಕುತ್ತ ಬರುತ್ತಾಳಲ್ಲ, ಆ ಹುಂಜ ‘ಕೈತಪ್ಪಿದ ಬದುಕಿನ ಸಂಕೇತ’ ಎಂದು ಹೇಳಿ, ಹುಡುಗರು ಅದನ್ನು ಬರೆದುಕೊಳ್ಳುವವರೆಗೆ ಕಾದು, ಮುಂದಿನ ಪುಟಕ್ಕೆ ಹೋಗುತ್ತಿದ್ದೆ. ಪರೀಕ್ಷೆಯಲ್ಲಿ ಆ ವಾಕ್ಯಕ್ಕೆ ಧಾರಾಳವಾಗಿ ಅಂಕವನ್ನೂ ಕೊಟ್ಟಿದ್ದೇನೆ.

ಆ ಅಂಕಗಳನ್ನು ಈಗ ಹಿಂದಕ್ಕೆ ಪಡೆಯುವಂತಿಲ್ಲ. ಆದರೆ ವಾಕ್ಯವನ್ನು ಹಿಂದಕ್ಕೆ ಪಡೆಯಬಹುದಷ್ಟೆ. ನನಗೆ ಈ ಬುದ್ಧಿ ಕಲಿಸಿದ್ದು ಯಾವ ಕಾವ್ಯಮೀಮಾಂಸೆಯೂ ಅಲ್ಲ. ಧನಗೆರೆಯ ನಮ್ಮ ಹಿತ್ತಿಲಲ್ಲಿ ಸಾಕಿದ ಐದು ನಾಟಿ ಹೇಂಟೆ, ಒಂದು ಹುಂಜ.

ಕೋಳಿ ಸಾಕಬೇಕೆಂದಾಗ ಸ್ನೇಹಿತರು ಗಿರಿರಾಜ ತಳಿಯನ್ನು ಸೂಚಿಸಿದರು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯ 1989ರಲ್ಲಿ ಬಿಡುಗಡೆ ಮಾಡಿದ ಆ ತಳಿ ಬೇಗ ಮೈ ತುಂಬಿಕೊಳ್ಳುತ್ತದೆ, ಮೊಟ್ಟೆಯನ್ನೂ ಹೆಚ್ಚಾಗಿ ಇಡುತ್ತದೆ. ಆದರೆ ಕಾವು ಕೂರುವುದರಲ್ಲಿ ನಾಟಿಯ ಸಮಕ್ಕೆ ಬಾರದು. ನನಗೆ ಬೇಕಾಗಿದ್ದುದು ಮೊಟ್ಟೆಯ ಲೆಕ್ಕವಲ್ಲ, ಬಾಲ್ಯದಲ್ಲಿ ಕಂಡ ಆ ಕಾವಿನ ನೋಟ. ಪಕ್ಕದ ಬೀದಿಯ ಮುದುಕಿಯೊಬ್ಬರು ಎರಡು ಹೇಂಟೆಗಳನ್ನು ಪಾಲಿಗೆ ಕೊಟ್ಟರು. ಹುಟ್ಟುವ ಮರಿಗಳಲ್ಲಿ ಅರ್ಧ ಅವರಿಗೆ. ಕಾಗದವಿಲ್ಲ, ಸಾಕ್ಷಿಯಿಲ್ಲ. ಉಳಿದವು ಹೀಗೆಯೇ ಕೂಡಿಕೊಂಡವು.

ಕಾವಿಗೆ ಕೂತ ಹೇಂಟೆಯನ್ನು ನೋಡದವರು ತಾಳ್ಮೆಯ ವಿಷಯದಲ್ಲಿ ಉಪನ್ಯಾಸ ಕೊಡಬಾರದು. ಮಂಕರಿಯೊಳಗೆ ಹುಲ್ಲು ಹಾಸಿ ಹನ್ನೆರಡು ಮೊಟ್ಟೆ ಇಟ್ಟರೆ ಇಪ್ಪತ್ತೊಂದು ದಿನ ಅದಕ್ಕೆ ಲೋಕವೇ ಬೇಡ. ದಿನಕ್ಕೊಮ್ಮೆ ಎದ್ದು ನಾಲ್ಕು ಕಾಳು ಕುಕ್ಕಿ, ನೀರು ಕುಡಿದು, ಮತ್ತೆ ಓಡಿ ಬಂದು ಕೂತಿತು. ಮೊಟ್ಟೆಗಳನ್ನು ಕೊಕ್ಕಿನಿಂದ ತಾನೇ ಹೊರಳಿಸಿಕೊಳ್ಳುತ್ತದೆ. ಕೊನೆಯ ದಿನ ಕಿವಿಯಿಟ್ಟರೆ ಚಿಪ್ಪಿನೊಳಗಿನಿಂದಲೇ ಮರಿಯ ಕೀಚಲು ದನಿ ಕೇಳುತ್ತದೆ. ಮೊದಲ ಸಲ ಅದನ್ನು ಕೇಳಿದ ದಿನ ನಾನು ಕಾಲೇಜಿಗೆ ತಡವಾಗಿ ಹೋದೆ.

ಈ ದನಿಯ ದೆಸೆಯಿಂದಲೇ ಮತ್ತೆ ತೆರೆದ ಪುಸ್ತಕ, ಜನ್ನನ ‘ಯಶೋಧರ ಚರಿತೆ’. 1209ರ ಆ ಕಾವ್ಯದಲ್ಲಿ ಯಶೋಧರ ತಾಯಿಯ ಮಾತಿಗೆ ಕಟ್ಟುಬಿದ್ದು, ಜೀವದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಬಲಿ ಕೊಡುತ್ತಾನೆ. ಆ ಹಿಟ್ಟಿನ ಕೋಳಿಯ ಚೆಲುವಿಗೆ ಸೋತು ಬೆಂತರವೊಂದು ಅದನ್ನು ಹೊಕ್ಕಿರುತ್ತದೆ. ಕತ್ತಿ ಬಿದ್ದೊಡನೆ ಅದು ಕೂಗಿಬಿಡುತ್ತದೆ. ಇದನ್ನು ಓದಿದಾಗ ಹುಡುಗರು ಸಾಮಾನ್ಯವಾಗಿ ನಗುತ್ತಾರೆ. ಕೋಳಿ ಸಾಕಿದವನು ನಗಲಾರ. ಮುಂದೆ ತಾಯಿ ಮಗ ಹಲವು ಜನ್ಮ ತೊಳಲಿ ಕಡೆಗೆ ಕೋಳಿಗಳಾಗಿಯೇ ಹುಟ್ಟುತ್ತಾರೆ. ಶಬ್ದವೇಧಿಯ ಜಾಣ್ಮೆಯನ್ನು ರಾಣಿಗೆ ತೋರಿಸಲು ಯಶೋಮತಿ ಬಿಟ್ಟ ಬಾಣಕ್ಕೆ, ಕೂಗಿದ ತಪ್ಪಿಗೆ ಸಾಯುತ್ತಾರೆ. ಕೊಲ್ಲುವವನು ಹಿಂದಿನ ಭವದ ಮಗನೇ. ಕೂಗಿನಿಂದ ಕೂಗಿಗೆ ಜನ್ನ ಎಳೆದ ಈ ದಾರ ಎಷ್ಟು ಬಿಗಿಯಾಗಿದೆಯೆಂಬುದು ನನಗೆ ಹೊಳೆದದ್ದು ನಲವತ್ತು ದಾಟಿದ ಮೇಲೆ. ಗಿರೀಶ ಕಾರ್ನಾಡರು 1980ರಲ್ಲಿ ‘ಹಿಟ್ಟಿನ ಹುಂಜ’ ನಾಟಕ ಬರೆದಾಗ ಇದೇ ಕಥೆಯ ಕಡೆಗೆ ತಿರುಗಿದ್ದು ಆಕಸ್ಮಿಕವೇನಲ್ಲ.

ಆದರೂ ಒಂದು ಮಾತು. ಬಾಣ ತಾಗಿದ ಕೋಳಿಗಳ ಜೀವ ಎಲ್ಲಿಗೆ ಹೋಯಿತೆಂದು ಜನ್ನ ಅದರ ಹಿಂದೆಯೇ ಹೋಗುತ್ತಾನೆ. ಅವು ರಾಣಿಯ ಬಸಿರಲ್ಲಿ ಅವಳಿಗಳಾಗುವವರೆಗೂ ಬಿಡುವುದಿಲ್ಲ. ಸಾಕಿದವರ ಬಳಿ ಮಾತ್ರ ನಿಲ್ಲುವುದಿಲ್ಲ. ಅವನ ಕಾವ್ಯಕ್ಕೆ ಅದು ಬೇಕಾಗಿಯೂ ಇಲ್ಲ. ಆ ಖಾಲಿ ಜಾಗದಲ್ಲಿ ನಿಂತು ಮಾತಾಡಿದ ಹೆಂಗಸನ್ನು ಕನ್ನಡ ಕಾಣಬೇಕಾದರೆ ಏಳುನೂರು ವರ್ಷಕ್ಕೂ ಮಿಕ್ಕಿ ಕಾಯಬೇಕಾಯಿತು.

ನಮ್ಮ ಹುಂಜ ಹೋದದ್ದು ಪುಷ್ಯಮಾಸದಲ್ಲಿ. ಆ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆ. ಪಂಕ್ತಿಸೇವೆಯ ದಿನ ಜಾತಿಯ ಗೋಡೆಯಿಲ್ಲದೆ ಬಿಡಾರಗಳಲ್ಲಿ ಮಾಂಸದ ಅಡುಗೆ ಮಾಡಿ, ಸಾಲಾಗಿ ಕೂತು ಉಣ್ಣುತ್ತಾರೆ. ನಮ್ಮ ಸೀಮೆಯ ಹುಂಜಗಳಿಗೆ ಆ ತಿಂಗಳು ಆಯುಸ್ಸು ಕಡಿಮೆ. ಆದರೆ ನಮ್ಮದನ್ನು ಮನುಷ್ಯನೇ ಒಯ್ದನೆಂದು ಹೇಳಲಾರೆ, ಮುಂಗುಸಿಯಿದೆ, ನಾಯಿಯಿದೆ. ಕೋಳಿ ಕಳೆದದ್ದು ತಿಳಿಯುವುದೇ ಬೈಗಿನಲ್ಲಿ, ಗೂಡು ಸೇರುವಾಗ ಎಣಿಸಿದಾಗ. ಐದು ಬಂದವು. ನಾನು ಟಾರ್ಚು ಹಿಡಿದು ಹೊರಟೆ.

ಆಗ ತಿಳಿಯಿತು, ಹುಂಜವನ್ನು ಹುಡುಕುವುದೆಂದರೆ ಏನೆಂದು. ಪ್ರತಿಯೊಂದು ಮನೆಯ ಮುಂದೆಯೂ ನಿಲ್ಲಬೇಕು. ಕೇಳಿದ ಕ್ಷಣಕ್ಕೆ ಆ ಮನೆಯವರ ಮೇಲೆ ಸಂಶಯಪಟ್ಟಂತಾಯಿತು. ಒಲೆಯ ಮೇಲಿಂದ ಬರುವ ಮಸಾಲೆಯ ವಾಸನೆಯನ್ನು ಮೂಗು ತಾನಾಗಿ ಪರೀಕ್ಷಿಸುತ್ತದೆ. ಮೂವತ್ತು ವರ್ಷದ ನೆರೆಹೊರೆಯನ್ನು ಅರ್ಧ ಗಂಟೆಯಲ್ಲಿ ಕೆಡಿಸಿಕೊಳ್ಳಬಹುದು. ನಾನು ಎಂಟು ಮನೆ ಕೇಳಿ, ನಾಚಿ, ಹಿಂತಿರುಗಿದೆ. ಮರುದಿನ ನಸುಕಿನಲ್ಲಿ ದೂರದಲ್ಲೊಂದು ಹುಂಜ ಕೂಗಿತು. ನಮ್ಮದರ ದನಿ ಕೊನೆಯಲ್ಲಿ ಸ್ವಲ್ಪ ಒಡೆಯುತ್ತಿತ್ತು. ಇದು ಅದಲ್ಲ.

ಸಾಕವ್ವ ಬೈಯುತ್ತಾಳೆ. ಅವಳ ಬೈಗುಳವನ್ನು ನಾವು ‘ಗ್ರಾಮ್ಯ ಭಾಷೆಯ ಸೊಗಡು’ ಎಂದು ಹೊಗಳಿ ಮುಗಿಸಿದ್ದೇವೆ. ಹೆಸರು ಹಿಡಿಯದೆ ಊರಿಗೆಲ್ಲ ಕೇಳುವಂತೆ ಶಪಿಸುವುದು ಒಂದು ಜಾಣ ಉಪಾಯವೂ ಹೌದು: ಕದ್ದವನಿಗೆ ತಾಗಬೇಕು, ಕದಿಯದವನಿಗೆ ತಾಗಬಾರದು, ನಾಳೆ ಅದೇ ಬೀದಿಯಲ್ಲಿ ಬಾಳಬೇಕು. ನಾನು ಮನೆ ಮನೆ ಕೇಳಿ ಮಾಡಿದ ಎಡವಟ್ಟನ್ನು ಅವಳು ಮಾಡುವುದಿಲ್ಲ.

ಇನ್ನೂ ಮುಖ್ಯವಾದುದು, ‘ಒಡಲಾಳ’ದಲ್ಲಿ ಕಳವು ಎರಡು. ಒಂದು ಸಾಕವ್ವನ ಹುಂಜದ್ದು. ಇನ್ನೊಂದು ಎತ್ತಪ್ಪನ ಕಡಲೆಕಾಯಿಯದು. ಎರಡನೆಯದನ್ನು ಹಸಿದ ಮನೆಯವರೆಲ್ಲ ಕೂತು ಇರುಳಲ್ಲಿ ಸುಲಿದು ತಿನ್ನುವ ಪುಟಗಳಿಗೆ ಸಾಟಿಯಾದುವು ನಮ್ಮ ಗದ್ಯದಲ್ಲಿ ಹೆಚ್ಚಿಲ್ಲ. ಕಡಲೆಕಾಯಿ ಹೋದದ್ದಕ್ಕೆ ಪೊಲೀಸರು ಗುಡಿಸಲವರೆಗೆ ಬರುತ್ತಾರೆ. ಹುಂಜ ಹೋದದ್ದಕ್ಕೆ ಯಾರೂ ಬರುವುದಿಲ್ಲ. ಅವಳಿಗಿರುವುದು ಅವಳ ಬಾಯಿ ಮಾತ್ರ. ಮಹಾದೇವ ಈ ಎರಡನ್ನೂ ಪಕ್ಕಪಕ್ಕ ಇಟ್ಟು ಒಂದು ಮಾತೂ ಹೇಳದೆ ಸುಮ್ಮನಿದ್ದಾರೆ. ಹುಂಜವನ್ನು ಸಂಕೇತ ಮಾಡಿದೊಡನೆ ಈ ತಕ್ಕಡಿಯ ಒಂದು ತಟ್ಟೆ ಬರಿದಾಗುತ್ತದೆ. ಸಂಕೇತವನ್ನು ಯಾರೂ ಕದಿಯಲಾರರು. ಸಂಕೇತಕ್ಕೆ ಬೆಲೆಯೂ ಇಲ್ಲ. ಹುಂಜಕ್ಕೆ ಬೆಲೆಯಿದೆ, ತೂಕವಿದೆ, ಅದನ್ನು ಮರಿಯಿಂದ ಕಾಯ್ದ ತಿಂಗಳುಗಳಿವೆ.

ನನ್ನ ದುಃಖವನ್ನು ಸಾಕವ್ವನ ದುಃಖದೊಡನೆ ಇಟ್ಟು ತೂಗುತ್ತಿದ್ದೇನೆಂದು ವಾಚಕರು ತಿಳಿಯಬಾರದು. ನನಗೆ ತಿಂಗಳ ಸಂಬಳ ತಪ್ಪದು. ಬೇಸಿಗೆಯಲ್ಲಿ ಕೊಕ್ಕರೆ ರೋಗ ಬಂದು, ಹಸುರು ಹಿಕ್ಕೆ ಹಾಕುತ್ತ, ಕತ್ತು ತಿರುಚಿಕೊಂಡು ಹನ್ನೊಂದು ಮರಿಗಳಲ್ಲಿ ಒಂಬತ್ತು ಸತ್ತಾಗಲೂ ನಮ್ಮ ಒಲೆ ಉರಿಯಿತು. ಏಳನೆಯ ದಿನದೊಳಗೆ ಹಾಕಿಸಬೇಕಾಗಿದ್ದ ಹನಿ ಲಸಿಕೆಯನ್ನು ಹಾಕಿಸದೆ ಮೈಮರೆತವನು ನಾನೇ. ಪಾಲಿನ ಮುದುಕಿಗೆ ಅದನ್ನು ತಿಳಿಸಲು ಹೋದಾಗ ಅವರು ಬೈಯಲಿಲ್ಲ. ಉಳಿದ ಎರಡರಲ್ಲಿ ತಮ್ಮದು ಯಾವುದೆಂದು ಕೇಳಿದರು. ಆ ಪ್ರಶ್ನೆ ನನಗೆ ‘ಒಡಲಾಳ’ದ ಬಗ್ಗೆ ಬಂದಿರುವ ಅನೇಕ ಲೇಖನಗಳಿಗಿಂತ ಹೆಚ್ಚು ಹೇಳಿತು. ಅಂಥ ಲೇಖನಗಳಲ್ಲಿ ನನ್ನವೂ ಎರಡುಂಟು.

ಈ ವರ್ಷ ಪಾಠ ಮಾಡುವಾಗ ‘ಸಂಕೇತ’ವೆನ್ನಲಿಲ್ಲ. ಯಾರ ಮನೆಯಲ್ಲಿ ಕೋಳಿ ಕಳೆದಿದೆಯೆಂದು ಕೇಳಿದೆ. ಹನೂರಿನ ಕಡೆಯಿಂದ ಬರುವ ಹುಡುಗಿಯೊಬ್ಬಳು ಕೈಯೆತ್ತಿ, ತಮ್ಮ ಅಜ್ಜಿ ಪ್ರತಿ ಕೋಳಿಯ ಕಾಲಿಗೂ ಹಳೆಯ ಸೀರೆಯ ಚೂರು ಕಟ್ಟಿರುತ್ತಾಳೆಂದೂ, ಒಮ್ಮೆ ಆ ಚೂರು ಮಾತ್ರ ಬೇಲಿಯಲ್ಲಿ ಸಿಕ್ಕಿತೆಂದೂ ಹೇಳಿದಳು. ಯಾವ ಬಣ್ಣದ್ದೆಂದು ಇನ್ನೊಬ್ಬ ಕೇಳಿದ. ಅಂದು ಎರಡನೆಯ ಪುಟಕ್ಕೆ ಹೋಗಲು ಆಗಲಿಲ್ಲ.