ಹೆನ್ರಿಯೆಟಾಳ ಕಥೆಯಲ್ಲಿ ಒಂದು ತಪ್ಪು ಕ್ರಿಯಾಪದ

ರೆಬೆಕಾ ಸ್ಕ್ಲೂಟ್ ಅವರ ‘ದಿ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟಾ ಲ್ಯಾಕ್ಸ್’ ಪ್ರಕಟವಾದದ್ದು ೨೦೧೦ರಲ್ಲಿ. ಅದನ್ನು ಓದಿ ಮೆಚ್ಚದವರು ವಿರಳ. ಆ ಮೆಚ್ಚುಗೆಗೆ ಗ್ರಂಥ ತಕ್ಕುದೂ ಆಗಿದೆ. ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ೧೯೫೧ರಲ್ಲಿ ಗರ್ಭಕಂಠದ ಕ್ಯಾನ್ಸರಿನಿಂದ ತೀರಿಕೊಂಡ ೩೧ ವರ್ಷದ ಕರಿಯ ಹೆಣ್ಣುಮಗಳೊಬ್ಬಳು. ಆಕೆಯನ್ನು ಕೇಳದೆ ಸಂಶೋಧನೆಗೆಂದು ತೆಗೆದುಕೊಂಡ ಒಂದು ಚೂರು ಗಂತಿ. ಅದರಿಂದ ಬೆಳೆದು ಇಂದಿಗೂ ಪ್ರಯೋಗಶಾಲೆಗಳಲ್ಲಿ ಬೆಳೆಯುತ್ತಲೇ ಇರುವ ‘ಹೀಲಾ’ ಜೀವಕೋಶಗಳು. ಇದಾವುದನ್ನೂ ಅರಿಯದೆ ಎರಡು ದಶಕ ಕಳೆದ ಬಡ ಸಂಸಾರ. ಇಷ್ಟನ್ನೂ ಲೇಖಕಿ ಸಂಯಮದಿಂದ ನಿರೂಪಿಸಿದ್ದಾರೆ. ಮಗಳು ಡೆಬೊರಾ ಪ್ರಯೋಗಶಾಲೆಗೆ ಹೋಗಿ ಸೂಕ್ಷ್ಮದರ್ಶಕದ ನೆರವಿನಿಂದ ಆ ಜೀವಕೋಶಗಳನ್ನು ಕಣ್ಣಾರೆ ನೋಡುವ ಪ್ರಕರಣವಂತೂ ಮರೆಯುವಂಥದಲ್ಲ. ವಿಜ್ಞಾನಿ ಜೀವಕೋಶವನ್ನು ತೋರಿಸುತ್ತಾನೆ. ಮಗಳು ತಾಯಿಯನ್ನು ಕಾಣುತ್ತಾಳೆ.

ಆದರೆ ವಾಚಕನ ಮನಸ್ಸಿನಲ್ಲಿ ಮೊದಲ ಪುಟದಿಂದಲೂ ಒಂದು ಪ್ರಶ್ನೆ ಕಾದು ಕುಳಿತಿರುತ್ತದೆ. ಆ ಜೀವಕೋಶಗಳು ಏಕೆ ಸಾಯಲಿಲ್ಲ? ಗ್ರಂಥದ ಹೆಸರಿನಲ್ಲಿಯೇ ‘ಅಮರ’ ಎಂಬ ಮಾತನ್ನು ಇಟ್ಟವರು ಇದಕ್ಕೆ ಉತ್ತರ ಹೇಳಲೇಬೇಕು. ಲೇಖಕಿ ಹೇಳುವುದೇನೋ ಹೇಳುತ್ತಾರೆ, ಆದರೆ ಬಹು ಬೇಗ ಮುಗಿಸುತ್ತಾರೆ. ಜರ್ಮನಿಯ ವಿಜ್ಞಾನಿ ಹಾರಾಲ್ಡ್ ತ್ಸೂರ್ ಹೌಸೆನ್, ಈ ಶೋಧಕ್ಕಾಗಿ ೨೦೦೮ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು, ಹ್ಯೂಮನ್ ಪ್ಯಾಪಿಲೋಮಾ ವೈರಸ್ಸಿನ ೧೮ನೆಯ ಬಗೆಯನ್ನು ಹೀಲಾದಲ್ಲಿ ಕಂಡರು; ಆ ವೈರಸ್ಸು ಗಂತಿಯನ್ನು ತಡೆಯುವ ‘ಪಿ೫೩’ ಎಂಬ ಜೀನನ್ನು ಮುಚ್ಚಿಬಿಟ್ಟಿತು, ಎಂಬುದು ಅವರ ವಿವರಣೆಯ ತಾತ್ಪರ್ಯ. ನಮ್ಮ ತಕರಾರು ಈ ‘ಮುಚ್ಚಿಬಿಟ್ಟಿತು’ ಎಂಬ ಕ್ರಿಯಾಪದದ ಮೇಲೆ.

ನಡೆದದ್ದೇನು ನೋಡೋಣ. ಈ ವೈರಸ್ಸಿನ ಡಿಎನ್‌ಎ ಸುಮಾರು ಎಂಟು ಸಾವಿರ ಅಕ್ಷರಗಳಷ್ಟೇ. ನಮ್ಮ ಒಂದು ಜೀವಕೋಶದ್ದು ಸುಮಾರು ಆರುನೂರು ಕೋಟಿ. ತನ್ನ ಪ್ರತಿಯನ್ನು ತಾನೇ ಬರೆದುಕೊಳ್ಳುವ ಸಲಕರಣೆ ಇಷ್ಟು ಸಣ್ಣ ಗಂಟಿನಲ್ಲಿ ಹಿಡಿಸದು. ಆದ್ದರಿಂದ ಅದು ನಮ್ಮ ಜೀವಕೋಶದ ಸಲಕರಣೆಯನ್ನೇ ಎರವಲು ಪಡೆಯಬೇಕು. ಆದರೆ ಅದು ತನ್ನ ಪ್ರತಿಗಳನ್ನು ಹೆಚ್ಚಿಸಿಕೊಳ್ಳಬೇಕಾದದ್ದು ಪ್ರತಿ ಬರೆಯುವ ಕೆಲಸವನ್ನು ಆಗಲೇ ನಿಲ್ಲಿಸಿರಬೇಕಾದ ಮೇಲ್ಪದರದ ಜೀವಕೋಶಗಳಲ್ಲಿ. ಇಲ್ಲಿ ಇ೭ ಎಂಬ ಪುಟ್ಟ ಪ್ರೋಟೀನಿನ ಪ್ರವೇಶವಾಗುತ್ತದೆ. ಪ್ರತಿ ಬರೆಯುವ ಕೆಲಸಕ್ಕೆ ಅಪ್ಪಣೆ ಕೊಡುವ ಇ೨ಎಫ್ ಎಂಬ ಪ್ರೋಟೀನನ್ನು ಆರ್‌ಬಿ ಎಂಬ ಇನ್ನೊಂದು ಪ್ರೋಟೀನು ಹಿಡಿದಿಟ್ಟಿರುತ್ತದೆ. ಇ೭ ಹೋಗಿ ಆರ್‌ಬಿಗೆ ಅಂಟಿಕೊಂಡು ಅದನ್ನು ನಾಶದ ದಾರಿಗೆ ತಳ್ಳುತ್ತದೆ. ಹಿಡಿತ ತಪ್ಪಿದ ಇ೨ಎಫ್ ಅಪ್ಪಣೆ ಕೊಟ್ಟೇಬಿಡುತ್ತದೆ.

ಅಪ್ಪಣೆಯೇನೋ ಆಯಿತು, ಸಾಮಗ್ರಿ ಎಲ್ಲಿ? ಸಂತರ್ಪಣೆಗೆ ಒಲೆ ಹೊತ್ತಿಸಿದ ಮೇಲೆ ಉಗ್ರಾಣದಲ್ಲಿ ಅಕ್ಕಿ ಇಲ್ಲವೆಂದು ತಿಳಿದಂತೆ ಆಗುತ್ತದೆ ಜೀವಕೋಶದ ಪಾಡು. ಡಿಎನ್‌ಎ ಕಟ್ಟಲು ಬೇಕಾದ ನ್ಯೂಕ್ಲಿಯೊಟೈಡುಗಳು ಸಾಲದೆ, ಪ್ರತಿ ಬರೆಯುವ ಕೆಲಸ ನಡುನಡುವೆ ತಡೆಯುತ್ತದೆ. ತಡೆದ ಕಡೆ ಎಳೆ ಕಡಿಯುತ್ತದೆ. ಇದು ಬರಿಯ ಊಹೆಯಲ್ಲ. ಇದೇ ವೈರಸ್ಸಿನ ೧೬ನೆಯ ಬಗೆಯ ಪ್ರೋಟೀನುಗಳಿಂದ ಹೀಗೆ ತೊಂದರೆಗೊಳಗಾದ ಮಾನವ ಜೀವಕೋಶಗಳಿಗೆ ಆ ಸಾಮಗ್ರಿಯನ್ನು ಹೊರಗಿನಿಂದ ಒದಗಿಸಿದರೆ ಹಾನಿ ಕಡಿಮೆಯಾಗುವುದನ್ನು ೨೦೧೧ರಲ್ಲಿ ಇಸ್ರೇಲಿನ ಸಂಶೋಧಕರು ತೋರಿಸಿಕೊಟ್ಟರು. ೪೬ ಕ್ರೋಮೊಸೋಮುಗಳಿರಬೇಕಾದಲ್ಲಿ ಹೀಲಾದಲ್ಲಿ ಎಪ್ಪತ್ತಕ್ಕೂ ಹೆಚ್ಚು ಕಾಣುವ ಅಸ್ತವ್ಯಸ್ತದ ಹಿಂದೆ ಇಂಥ ಅವಸರದ ಕೆಲಸದ ಕೈವಾಡವೂ ಉಂಟು.

ಹಾನಿಯಾದಾಗ ಕೆಲಸ ನಿಲ್ಲಿಸುವ ಅಥವಾ ಕೆಟ್ಟ ಜೀವಕೋಶವನ್ನು ಸಾಯಿಸುವ ಹೊಣೆ ಪಿ೫೩ರದು. ಅದನ್ನು ವೈರಸ್ಸಿನ ಇನ್ನೊಂದು ಪ್ರೋಟೀನು, ಇ೬, ನೋಡಿಕೊಳ್ಳುತ್ತದೆ. ಹೇಗೆ? ಜೀನನ್ನು ಮುಚ್ಚಿ ಅಲ್ಲ. ಹೀಲಾದಲ್ಲಿ ಪಿ೫೩ರ ಜೀನು ಸರಿಯಾಗಿಯೇ ಇದೆ. ಪ್ರೋಟೀನು ತಯಾರಾಗುತ್ತಲೂ ಇದೆ. ಇ೬ ನಮ್ಮ ಜೀವಕೋಶದ್ದೇ ಆದ ಒಂದು ಪ್ರೋಟೀನನ್ನು ಜೊತೆಮಾಡಿಕೊಂಡು, ತಯಾರಾದ ಪಿ೫೩ಕ್ಕೆ ಕಸದ ಗುರುತು ಹಚ್ಚಿ ನಾಶಕ್ಕೆ ಕಳುಹಿಸುತ್ತದೆ. ಮುಚ್ಚುವುದು ಒಂದು ಸಲದ ಕೆಲಸ. ಇದು ಪ್ರತಿ ಗಳಿಗೆಯೂ ನಡೆಯಬೇಕಾದ ಕೆಲಸ.

ಇದು ಕೂದಲು ಸೀಳುವ ವಾದವೆಂದು ಯಾರಾದರೂ ಹೇಳಿಯಾರು. ಅಲ್ಲ. ೨೦೦೦ದಲ್ಲಿ ಯೇಲ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ದನಗಳ ಪ್ಯಾಪಿಲೋಮಾ ವೈರಸ್ಸಿನ ಒಂದು ಪ್ರೋಟೀನನ್ನು ಬಳಸಿ, ಹೀಲಾದಲ್ಲಿ ಇ೬ ಮತ್ತು ಇ೭ಗಳ ತಯಾರಿಕೆಯನ್ನು ಅಡಗಿಸಿದರು. ಪಿ೫೩ ಮರಳಿತು, ಆರ್‌ಬಿ ಮರಳಿತು. ಸುಮಾರು ಅರ್ಧ ಶತಮಾನ ನಿಲ್ಲದೆ ಬೆಳೆದ ಜೀವಕೋಶಗಳು ಡಿಎನ್‌ಎ ಪ್ರತಿ ಬರೆಯುವುದನ್ನು ನಿಲ್ಲಿಸಿದವು. ಅಂದರೆ ಹೆನ್ರಿಯೆಟಾಳ ದೇಹದ ಕಾವಲು ಎಂದೂ ಸತ್ತಿರಲಿಲ್ಲ. ಎರಡು ಪರಕೀಯ ಪ್ರೋಟೀನುಗಳು ಎಡೆಬಿಡದೆ ದುಡಿಯುವವರೆಗೆ ಮಾತ್ರ ಆ ‘ಅಮರತ್ವ’. ಗ್ರಂಥಕ್ಕೆ ಹತ್ತು ವರ್ಷ ಮುಂಚೆಯೇ ಹೊರಬಿದ್ದ ಈ ಸಂಗತಿ ಅದರ ಶೀರ್ಷಿಕೆಯನ್ನೇ ಪ್ರಶ್ನಿಸುತ್ತದೆ. ಲೇಖಕಿ ಅದನ್ನು ಎದುರಿಸಿದ್ದರೆ ಕಥೆ ಇನ್ನಷ್ಟು ಗಾಢವಾಗುತ್ತಿತ್ತು.

ಜನಸಾಮಾನ್ಯರ ಗ್ರಂಥದಲ್ಲಿ ಇಷ್ಟೆಲ್ಲ ಬೇಕೆ ಎಂದರೆ, ಈ ಗ್ರಂಥಕ್ಕೆ ಖಂಡಿತ ಬೇಕು. ಅರ್ಥ ಕೇಳಿದ ಡೆಬೊರಾಳಿಗೆ ವಿವರಿಸುವ ಬದಲು, ಪಠ್ಯಪುಸ್ತಕವೊಂದಕ್ಕೆ ರುಜು ಹಾಕಿ ಕೊಟ್ಟ ವೈದ್ಯನನ್ನು ಲೇಖಕಿಯೇ ನಮ್ಮ ಮುಂದೆ ನಿಲ್ಲಿಸಿದ್ದಾರೆ. ವಿದ್ಯಾವಂತರು ಆ ಸಂಸಾರಕ್ಕೆ ತಿಳಿಯುವಂತೆ ಹೇಳಲಿಲ್ಲವೆಂಬುದೇ ಗ್ರಂಥದ ಮುಖ್ಯ ಆರೋಪ. ಅಂಥ ಆರೋಪ ಹೊರಿಸಿದವರ ಮೇಲೆ ತಿಳಿಯುವಂತೆ ಹೇಳುವ ಹೊಣೆ ಇಮ್ಮಡಿಯಾಗುತ್ತದೆ. ತಾಯಿಯ ಜೀವಕೋಶದ ಕಾವಲು ಹಾಳಾಗಿರಲಿಲ್ಲ, ಅದನ್ನು ಹುಟ್ಟಿದಂತೆಲ್ಲ ಅಳಿಸಲಾಗುತ್ತಿತ್ತು ಎಂಬ ಮಾತು, ತನ್ನ ತಾಯಿಗೆ ಏನಾಯಿತೆಂದು ಜೀವನವಿಡೀ ಕೇಳಿದ ಮಗಳಿಗೆ ಸಲ್ಲಬೇಕಾಗಿದ್ದ ಉತ್ತರ.

ಆದರೂ ಗ್ರಂಥ ಓದಲೇಬೇಕಾದದ್ದು. ಕನ್ನಡದಲ್ಲಿ ಈ ವಿಷಯ ಬರೆಯುವವರು ಅದರ ಕರುಣೆಯನ್ನು ಕಲಿಯಲಿ, ಕ್ರಿಯಾಪದವನ್ನು ಮಾತ್ರ ತಿದ್ದಿಕೊಳ್ಳಲಿ.