ಯಾರ ಗತಿ ಏನಾದೀತು?

ಅಪರಾಧ ಲೋಕದ ಕಥೆ ಹೇಳುವ ಟಿ.ವಿ. ಧಾರಾವಾಹಿಯೊಂದು ಮುಗಿಯುವ ಹಂತಕ್ಕೆ ಬಂದರೆ ಸಾಕು, ಅದನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವರೆಲ್ಲ ಗಿಳಿಶಾಸ್ತ್ರ ಹೇಳಲು ಕೂತುಬಿಡುತ್ತಾರೆ. ನಾಯಕ ಸಾಯುತ್ತಾನೆಯೇ, ಜೈಲಿಗೆ ಹೋಗುತ್ತಾನೆಯೇ, ತಪ್ಪಿಸಿಕೊಳ್ಳುತ್ತಾನೆಯೇ? ಅವನ ಹೆಂಡತಿ ಮಕ್ಕಳ ಗತಿ ಏನು? ಜೊತೆಗಾರ ಕೈ ಕೊಡುತ್ತಾನೆಯೇ? ಮೇಲುನೋಟಕ್ಕೆ ಇದು ಕ್ರಿಕೆಟ್ ಪಂದ್ಯದ ಫಲಿತಾಂಶವನ್ನು ಊಹಿಸಿದಷ್ಟೇ ನಿರುಪದ್ರವಿಯಾದ ಆಟ. ಆದರೆ ಸ್ವಲ್ಪ ಗಮನಿಸಿ ನೋಡಿದರೆ, ಕಥೆಯ ವಿಷಯದಲ್ಲಿ ಏನಾಗುತ್ತದೆ ಎಂದು ನಾವು ಹೇಳುವಾಗ ಏನಾಗಬೇಕು ಎಂಬುದನ್ನೂ ಸದ್ದಿಲ್ಲದೆ ಸೇರಿಸಿ ಹೇಳುತ್ತಿರುತ್ತೇವೆ. ಊಹೆಯ ಒಳಗೆ ತೀರ್ಪು ಅಡಗಿ ಕೂತಿರುತ್ತದೆ.

ಅಮೆರಿಕದ 'ದಿ ಸೊಪ್ರಾನೋಸ್' ಧಾರಾವಾಹಿ 2007ರ ಜೂನ್ 10ರಂದು ಮುಗಿದಾಗ ಈ ತೀರ್ಪಿನ ಹಸಿವು ಎಷ್ಟು ದೊಡ್ಡದು ಎಂಬುದು ಗೊತ್ತಾಯಿತು. ಮಾಫಿಯಾ ಮುಖಂಡ ಟೋನಿ ತನ್ನ ಕುಟುಂಬದವರೊಡನೆ ಹೋಟೆಲೊಂದರಲ್ಲಿ ಕೂತಿದ್ದಾಗ, ಮಾತಿಲ್ಲ ಕಥೆಯಿಲ್ಲ, ಪರದೆ ಇದ್ದಕ್ಕಿದ್ದಂತೆ ಕಪ್ಪಾಯಿತು. ಕೇಬಲ್ ಹೋಯಿತೇನೋ ಎಂದುಕೊಂಡವರು ಅನೇಕರು. ಅವನು ಸತ್ತನೋ ಉಳಿದನೋ ಎಂದು ಇಂದಿಗೂ ವಾದ ಮಾಡುವವರಿದ್ದಾರೆ. ಎಂಬತ್ತಾರು ಕಂತು ಒಬ್ಬ ಕೊಲೆಗಾರನ ಜೊತೆ ಊಟ ಮಾಡಿದ ಪ್ರೇಕ್ಷಕನಿಗೆ ಕೊನೆಯಲ್ಲಿ ಅವನ ಮರಣಪತ್ರವೋ ಬಿಡುಗಡೆಯ ಚೀಟಿಯೋ ಕೈಗೆ ಬೇಕಿತ್ತು.

ಆರು ವರ್ಷಗಳ ನಂತರ, 2013ರಲ್ಲಿ, 'ಬ್ರೇಕಿಂಗ್ ಬ್ಯಾಡ್' ತನ್ನ ಕೊನೆಯ ಎಂಟು ಕಂತುಗಳಿಗೆ ಬಂದಾಗ ಈ ಆಟ ಉತ್ಸವದ ರೂಪ ತಾಳಿತು. 2008ರ ಜನವರಿಯಲ್ಲಿ ಶುರುವಾದ ಈ ಧಾರಾವಾಹಿಯ ಕಥೆ ಬಹಳ ಜನರಿಗೆ ಗೊತ್ತಿದೆ. ನಮ್ಮ ಊರುಗಳ ಹುಡುಗರೂ ನೆಟ್‌ಫ್ಲಿಕ್ಸ್‌ನಲ್ಲಿ ಇದನ್ನು ನೋಡಿ ಮಾತಾಡಿಕೊಳ್ಳುತ್ತಾರೆ. ನ್ಯೂ ಮೆಕ್ಸಿಕೊ ರಾಜ್ಯದ ಆಲ್ಬುಕರ್ಕಿ ಪಟ್ಟಣದ ಹೈಸ್ಕೂಲ್ ರಸಾಯನಶಾಸ್ತ್ರದ ಮೇಷ್ಟ್ರು ವಾಲ್ಟರ್ ವೈಟ್‌ಗೆ ಐವತ್ತನೆಯ ವಯಸ್ಸಿನಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯುತ್ತದೆ. ಹೆಂಡತಿ ಮಕ್ಕಳಿಗೆ ನಾಲ್ಕು ಕಾಸು ಉಳಿಸಿ ಹೋಗಬೇಕೆಂಬ ನೆಪದಲ್ಲಿ ತನ್ನ ಹಳೆಯ ವಿದ್ಯಾರ್ಥಿ ಜೆಸ್ಸಿ ಪಿಂಕ್‌ಮನ್ ಜೊತೆ ಸೇರಿ ಮಾದಕವಸ್ತು ತಯಾರಿಸಲು ಇಳಿಯುತ್ತಾನೆ. ಎರಡು ವರ್ಷಗಳಲ್ಲಿ ಆ ಬಡ ಮೇಷ್ಟ್ರು ಇಡೀ ಪ್ರದೇಶವೇ ಹೆದರುವ ದಂಧೆಕೋರನಾಗುತ್ತಾನೆ. ಅವನ ಬೆನ್ನು ಹತ್ತಿದ ಮಾದಕವಸ್ತು ನಿಗ್ರಹ ಅಧಿಕಾರಿ ಹ್ಯಾಂಕ್ ಬೇರೆ ಯಾರೂ ಅಲ್ಲ, ಅವನ ನಾದಿನಿಯ ಗಂಡ.

ನಿರ್ಮಾತೃ ವಿನ್ಸ್ ಗಿಲಿಗನ್ ಪ್ರೇಕ್ಷಕರ ಕೈಗೆ ಬೇಕೆಂದೇ ಕೆಲವು ದಾಳ ಕೊಟ್ಟಿದ್ದರು. ಕೊನೆಯ ಭಾಗದ ಆರಂಭದಲ್ಲೇ ಒಂದು ವರ್ಷ ಮುಂದಿನ ದೃಶ್ಯ ಬರುತ್ತದೆ: ಗಡ್ಡ ಬೆಳೆದ, ಸೊರಗಿದ ವಾಲ್ಟರ್ ತನ್ನ ಐವತ್ತೆರಡನೆಯ ಹುಟ್ಟುಹಬ್ಬದ ದಿನ ಒಂಟಿಯಾಗಿ ತಿಂಡಿ ತಿನ್ನುತ್ತಿದ್ದಾನೆ, ಅವನ ಕಾರಿನ ಡಿಕ್ಕಿಯಲ್ಲಿ ಮೆಷಿನ್ ಗನ್ ಇದೆ. ಮತ್ತೊಂದು ದೃಶ್ಯದಲ್ಲಿ ಹಾಳುಬಿದ್ದ ತನ್ನ ಮನೆಗೆ ನುಗ್ಗಿ ಅಡಗಿಸಿಟ್ಟಿದ್ದ ವಿಷವನ್ನು ತೆಗೆದುಕೊಳ್ಳುತ್ತಾನೆ. ಗನ್ ಯಾರಿಗೆ, ವಿಷ ಯಾರಿಗೆ? ಜೆಸ್ಸಿಗೋ, ಹೆಂಡತಿಗೋ, ಸ್ವತಃ ತನಗೋ? ಆ ಎಂಟು ವಾರ ಜನ ಇದನ್ನೇ ಲೆಕ್ಕ ಹಾಕಿದರು. 2013ರ ಸೆಪ್ಟೆಂಬರ್ 29ರ ಕೊನೆಯ ಕಂತನ್ನು ಅಮೆರಿಕದಲ್ಲಿ ಒಂದು ಕೋಟಿಗೂ ಹೆಚ್ಚು ಮಂದಿ ನೋಡಿದರು.

ತಮಾಷೆಯೆಂದರೆ ಗನ್ನಿನ ದೃಶ್ಯ ಬರೆಯುವಾಗ ಅದು ಯಾರಿಗೆಂದು ಬರೆದವರಿಗೂ ಗೊತ್ತಿರಲಿಲ್ಲ. ಗಿಲಿಗನ್ ಇದನ್ನು ಆಮೇಲೆ ಹೇಳಿಕೊಂಡಿದ್ದಾರೆ. ಜೆಸ್ಸಿಯ ಪಾತ್ರವನ್ನು ಮೊದಲ ಭಾಗದಲ್ಲೇ ಸಾಯಿಸಿಬಿಡುವ ಯೋಚನೆ ಅವರಿಗಿತ್ತು. ನಟ ಆರನ್ ಪಾಲ್‌ನ ಅಭಿನಯ ಕಂಡು ಮನಸ್ಸು ಬದಲಾಯಿಸಿದರು, ಅವನು ಕೊನೆಯವರೆಗೂ ಬಂದ. ಕಥೆ ಬರೆಯುವ ನಮ್ಮಂಥವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಪಾತ್ರದ ತಕ್ದೀರು ಮೊದಲೇ ಬರೆದಿಟ್ಟ ಹಣೆಬರಹವಾಗಿರುವುದಿಲ್ಲ, ಅದು ಮಾಡಿದ ಕೆಲಸಗಳು ಒಂದರ ಬೆನ್ನಿಗೆ ಒಂದು ಬಂದು ಬಾಗಿಲು ತಟ್ಟುತ್ತವೆ. ಎಂದಮೇಲೆ ಕೇಳಬೇಕಾದ ಪ್ರಶ್ನೆ, ಯಾವ ಕೆಲಸ ಯಾರ ಬಾಗಿಲು ತಟ್ಟಿತು ಎಂಬುದು.

ಪ್ರೇಕ್ಷಕರ ಊಹೆಗಳಲ್ಲಿ ಈ ಪ್ರಶ್ನೆ ಕಾಣಿಸಿದ್ದು ಕಡಿಮೆ. ವಾಲ್ಟರ್ ಸಾಯಲಿ, ಆದರೆ ಗಂಡಸಿನಂತೆ ಸಾಯಲಿ ಎಂಬುದು ಬಹುಮಂದಿಯ ಬಯಕೆ. ಅವನನ್ನು ಪ್ರಶ್ನಿಸಿದ ಹೆಂಡತಿ ಸ್ಕೈಲರ್ ಮೇಲೆ ಮಾತ್ರ ವಿಚಿತ್ರವಾದ ದ್ವೇಷ ಹುಟ್ಟಿಕೊಂಡಿತ್ತು. ಆ ದ್ವೇಷ ಪಾತ್ರವನ್ನು ದಾಟಿ ನಟಿ ಆನಾ ಗನ್‌ರವರೆಗೂ ಹೋಗಿ, 2013ರ ಆಗಸ್ಟ್‌ನಲ್ಲಿ ಅವರು 'ನ್ಯೂಯಾರ್ಕ್ ಟೈಮ್ಸ್'ನಲ್ಲಿ ಅದರ ಬಗ್ಗೆ ಲೇಖನ ಬರೆಯಬೇಕಾಯಿತು. ವಿಷ ತಯಾರಿಸಿ ಮಾರುವವನಿಗೆ ಕ್ಷಮೆ, ಬೇಡ ಎಂದವಳಿಗೆ ಶಾಪ! ಗಂಡ ಏನು ಮಾಡಿದರೂ ಮನೆಗಾಗಿ ಮಾಡಿದ್ದು, ಅಡ್ಡ ಬಂದ ಹೆಂಡತಿಯೇ ಮನೆಮುರುಕಿ ಎಂಬ ಈ ನ್ಯಾಯ ನಮಗೇನೂ ಹೊಸದಲ್ಲ, ನಮ್ಮ ಮೊಹಲ್ಲಾಗಳ ಪಂಚಾಯಿತಿಗಳಲ್ಲೂ ಕೇಳಿ ಬಲ್ಲೆವು.

ಕೊನೆಗೆ ಆದದ್ದೇನು? ಹ್ಯಾಂಕ್ ಮರುಭೂಮಿಯಲ್ಲಿ ಗುಂಡೇಟಿಗೆ ಬಲಿಯಾಗುತ್ತಾನೆ. ವಾಲ್ಟರ್ ತಿಂಗಳುಗಟ್ಟಲೆ ತಲೆಮರೆಸಿಕೊಂಡಿದ್ದು ಹಿಂತಿರುಗಿ, ಉಳಿದ ಹಣ ಮಗನಿಗೆ ತಲುಪುವ ಏರ್ಪಾಡು ಮಾಡುತ್ತಾನೆ. ಮೆಷಿನ್ ಗನ್ನಿಂದ ಶತ್ರುಗಳನ್ನು ಮುಗಿಸುತ್ತಾನೆ, ಜೆಸ್ಸಿಯನ್ನು ಬಿಡಿಸುತ್ತಾನೆ, ಅದೇ ಗನ್ನಿನ ಗುಂಡು ತಗಲಿ ತನಗೆ ಪ್ರಿಯವಾದ ಯಂತ್ರಗಳ ನಡುವೆ ಸಾಯುತ್ತಾನೆ. ಎಲ್ಲ ಗಂಟೂ ಬಿಚ್ಚಿತು, ಹೆಚ್ಚಿನ ಪ್ರೇಕ್ಷಕರಿಗೆ ತೃಪ್ತಿಯೂ ಆಯಿತು. ನಮಗೆ ಅನುಮಾನ ಶುರುವಾಗುವುದು ಇಲ್ಲೇ. ಕ್ಯಾನ್ಸರ್ ಬಂದವನು ಸಾಯುತ್ತಾನೆ ಎಂಬುದು ಮೊದಲ ಕಂತಿನಲ್ಲೇ ಗೊತ್ತಿತ್ತು. ಬೇಕಾದುದನ್ನೆಲ್ಲ ಮುಗಿಸಿ, ಮುಖದಲ್ಲಿ ಸಮಾಧಾನ ಹೊತ್ತು ಸಾಯುವುದು ಶಿಕ್ಷೆ ಹೇಗಾದೀತು?

ಆ ಕಂತಿನಲ್ಲಿ ನಿಜವಾಗಿ ತೂಕವಿರುವುದು ಅಡುಗೆಮನೆಯಲ್ಲಿ ಸ್ಕೈಲರ್ ಜೊತೆ ನಡೆಯುವ ಸಣ್ಣ ಮಾತುಕತೆಗೆ. ಇದನ್ನೆಲ್ಲ ಸಂಸಾರಕ್ಕಾಗಿ ಮಾಡಿದೆ ಎಂದು ಐದು ಭಾಗಗಳುದ್ದಕ್ಕೂ ಹೇಳುತ್ತ ಬಂದವನು, ನನಗಾಗಿಯೇ ಮಾಡಿದೆ, ಅದು ನನಗೆ ಇಷ್ಟವಾಗಿತ್ತು ಎಂದು ಮೊದಲ ಬಾರಿಗೆ ಒಪ್ಪಿಕೊಳ್ಳುತ್ತಾನೆ. ಜೊತೆಗೆ ಒಂದು ಲಾಟರಿ ಚೀಟಿ ಕೊಡುತ್ತಾನೆ. ಅದರಲ್ಲಿರುವ ಅಂಕಿಗಳು ಹ್ಯಾಂಕ್ ಮತ್ತು ಅವನ ಸಹೋದ್ಯೋಗಿಯನ್ನು ಮಣ್ಣು ಮಾಡಿದ ಜಾಗದ ಗುರುತು. ಸತ್ತವರಿಗೆ ಗೌರವದ ದಫನ್ ಸಲ್ಲಬೇಕು, ಅವರ ಹೆಂಡಿರಿಗೆ ಒಂದು ಸಮಾಧಿಯಾದರೂ ಇರಬೇಕು. ಅದು ಸ್ಕೈಲರ್ ಸರ್ಕಾರಿ ವಕೀಲರೊಡನೆ ಚೌಕಾಸಿ ಮಾಡಲು ಕೊಟ್ಟ ಚೀಟಿಯೂ ಹೌದು. ಆದರೂ ಇಡೀ ಧಾರಾವಾಹಿಯಲ್ಲಿ ವಾಲ್ಟರ್ ತೀರಿಸಿದ ಬಾಕಿ ಎಂದು ಏನಾದರೂ ಇದ್ದರೆ ಅದು ಇದೊಂದೇ.

ಉಳಿದ ಬಾಕಿಗಳ ಪಟ್ಟಿ ಉದ್ದವಿದೆ. ಬೈಕಿನಲ್ಲಿ ಮರುಭೂಮಿ ಸುತ್ತುತ್ತ ಬಾಟಲಿಯಲ್ಲಿ ಜೇಡ ಹಿಡಿದಿಟ್ಟುಕೊಂಡಿದ್ದ ಹುಡುಗ ಡ್ರೂ ಶಾರ್ಪ್, ಇವರ ರೈಲು ಕಳ್ಳತನವನ್ನು ಕಂಡ ಒಂದೇ ಕಾರಣಕ್ಕೆ ಗುಂಡಿಗೆ ಬಲಿಯಾದ. ಅವನ ದೇಹವೂ ಮನೆಯವರಿಗೆ ಸಿಗಲಿಲ್ಲ. ಜೆಸ್ಸಿಯ ಪ್ರೇಯಸಿ ಜೇನ್ ಉಸಿರುಕಟ್ಟಿ ಸಾಯುವುದನ್ನು ವಾಲ್ಟರ್ ನಿಂತು ನೋಡಿದ. ವಿಮಾನ ಸಂಚಾರ ನಿಯಂತ್ರಕನಾಗಿದ್ದ ಅವಳ ತಂದೆ ದುಃಖದಲ್ಲಿ ಎಡವಿ ಎರಡು ವಿಮಾನ ಡಿಕ್ಕಿ ಹೊಡೆದು 167 ಮಂದಿ ಸತ್ತರು. ಆಂಡ್ರಿಯಾ ಎಂಬ ತಾಯಿಯನ್ನು ಅವಳ ಮನೆ ಬಾಗಿಲಲ್ಲೇ ಕೊಂದರು, ಅವಳ ಪುಟ್ಟ ಮಗ ಬ್ರಾಕ್ ಅನಾಥನಾದ. ಗಿಳಿಶಾಸ್ತ್ರದವರ ಕಾರ್ಡುಗಳಲ್ಲಿ ವಾಲ್ಟರ್, ಜೆಸ್ಸಿ, ಹ್ಯಾಂಕ್ ಇದ್ದರು. ಬ್ರಾಕ್‌ನ ಗತಿ ಏನಾದೀತು ಎಂದು ಕೇಳುವವರು ಬಲು ವಿರಳ. 2019ರಲ್ಲಿ ಬಂದ 'ಎಲ್ ಕಾಮಿನೊ' ಚಿತ್ರದಲ್ಲಿ ಜೆಸ್ಸಿ ಅಲಾಸ್ಕಾ ಸೇರುವ ಮುನ್ನ ಅವನಿಗೊಂದು ಕಾಗದ ಬರೆಯುತ್ತಾನೆ. ಅದರಲ್ಲಿ ಏನಿದೆ ಎಂದು ನಮಗೆ ಓದಿಸುವುದಿಲ್ಲ. ಅದು ಆ ಮಗುವಿಗೂ ಅವನಿಗೂ ಸೇರಿದ ಮಾತು ಎಂದು ಬಿಟ್ಟದ್ದು ಚಿತ್ರದ ಘನತೆ.

ಇನ್ನೊಂದು ವಿಷಯ. ನ್ಯೂ ಮೆಕ್ಸಿಕೊದ ಜನಸಂಖ್ಯೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಸ್ಪ್ಯಾನಿಷ್ ಮೂಲದವರು. ಧಾರಾವಾಹಿಯಲ್ಲಿ ಈ ಹೆಸರಿನವರು ಬಹಳಷ್ಟು ಮಂದಿ ದಂಧೆಕೋರರಾಗಿಯೇ ಬರುತ್ತಾರೆ. ಬಿಳಿಯ ಮೇಷ್ಟ್ರು ಹೇಗೆ ಕೆಟ್ಟ ಎಂಬುದಕ್ಕೆ ಅರವತ್ತೆರಡು ಕಂತುಗಳ ವಿವರಣೆ ಬೇಕು. ಸಲಮಂಕಾ ಮನೆತನದವರು ಕೆಟ್ಟವರಾಗಿಯೇ ಪರದೆಗೆ ಬರುತ್ತಾರೆ, ಹಾಗೆಯೇ ಸಾಯುತ್ತಾರೆ. ಹಿಂದಿಯ ಭೂಗತ ಲೋಕದ ಸಿನಿಮಾಗಳನ್ನು ನೋಡಿ ಬೆಳೆದ ನಮಗೆ ಈ ಲೆಕ್ಕ ಬಾಯಿಪಾಠ. ಕಣ್ಣಿಗೆ ಸುರ್ಮಾ ಹಚ್ಚಿದವನ ಗತಿ ಏನೆಂದು ಊಹಿಸಲು ಯಾರೂ ಕೊನೆಯ ರೀಲಿನವರೆಗೆ ಕಾಯಬೇಕಿರಲಿಲ್ಲ.

ಈ ಕೊರತೆಯನ್ನು ಸ್ವಲ್ಪ ತುಂಬಿದ್ದು ಅದೇ ಗಿಲಿಗನ್, ಪೀಟರ್ ಗೌಲ್ಡ್ ಜೊತೆಗೂಡಿ ಮಾಡಿದ 'ಬೆಟರ್ ಕಾಲ್ ಸಾಲ್'. 2015ರಿಂದ 2022ರವರೆಗೆ ಬಂದ ಇದು ವಾಲ್ಟರ್‌ನ ವಕೀಲ ಸಾಲ್ ಗುಡ್‌ಮನ್‌ನ ಹಿಂದಿನ ಮುಂದಿನ ಕಥೆ. ಇದರಲ್ಲಿ ನಾಚೊ ವರ್ಗಾ ಎಂಬ ಯುವಕ ದಂಧೆಯ ಸುಳಿಗೆ ಸಿಕ್ಕು, ತನ್ನ ತಂದೆಯ ಜೀವ ಉಳಿಸಲು ತನ್ನ ಪ್ರಾಣ ಕೊಡುತ್ತಾನೆ. ತಂದೆ ಮ್ಯಾನುಯೆಲ್ ಸೋಫಾ, ಕಾರಿನ ಸೀಟುಗಳಿಗೆ ಬಟ್ಟೆ ಹೊದಿಸುವ ಅಂಗಡಿಯವನು, ದುಡಿದು ತಿನ್ನುವ ಮನುಷ್ಯ. ಮಗ ಸತ್ತ ಸುದ್ದಿಯನ್ನು ಮೈಕ್ ಎಂಬ ದಂಧೆಯವನು ತಂತಿಬೇಲಿಯ ಆಚೆ ನಿಂತು ಹೇಳಿ, ಇದಕ್ಕೆ ಇನ್ಸಾಫ್ ಸಿಗುತ್ತದೆ ಎಂದು ಭರವಸೆ ಕೊಡುತ್ತಾನೆ. ಆಗ ಆ ತಂದೆ, ನೀನು ಹೇಳುತ್ತಿರುವುದು ನ್ಯಾಯವಲ್ಲ, ಸೇಡು, ನೀವೆಲ್ಲ ಒಂದೇ ಎಂಬ ಅರ್ಥದ ಮಾತು ಹೇಳಿ ನಡೆದುಬಿಡುತ್ತಾನೆ. ಎರಡೂ ಧಾರಾವಾಹಿಗಳ ಅಷ್ಟೂ ಹೆಣಗಳ ಬಗ್ಗೆ ನೇರವಾಗಿ ಮಾತಾಡಿದವನು ಈ ಮುದುಕನೊಬ್ಬನೇ ಎಂದು ನಮಗನ್ನಿಸುತ್ತದೆ. ಅವನು ಹೇಳಿದ್ದು ಮೈಕ್‌ಗೆ ಮಾತ್ರವಲ್ಲ, ಯಾರು ಯಾರನ್ನು ಕೊಲ್ಲುತ್ತಾರೆ ಎಂದು ಲೆಕ್ಕ ಹಾಕುತ್ತ ಕೂತ ನಮಗೂ ಅನ್ವಯಿಸುತ್ತದೆ.

'ಬೆಟರ್ ಕಾಲ್ ಸಾಲ್' ಮುಗಿಯುವಾಗಲೂ ಊಹೆಗಳಿಗೆ ಬರವಿರಲಿಲ್ಲ. ಸಾಲ್‌ನ ಹೆಂಡತಿ ಕಿಮ್ ವೆಕ್ಸ್ಲರ್ ಸಾಯುವುದು ಖಂಡಿತ ಎಂದವರೇ ಬಹಳ, ಏಕೆಂದರೆ ಹಳೆಯ ಧಾರಾವಾಹಿಯಲ್ಲಿ ಅವಳ ಸುಳಿವೇ ಇರಲಿಲ್ಲ. ಅವಳು ಸಾಯಲಿಲ್ಲ. ಸತ್ತವನು ಇವರಿಬ್ಬರ ಕಿಡಿಗೇಡಿತನಕ್ಕೆ ಗುರಿಯಾಗಿದ್ದ ವಕೀಲ ಹವರ್ಡ್ ಹ್ಯಾಮ್ಲಿನ್. ಅವನನ್ನು ಕೊಕೇನ್ ವ್ಯಸನಿಯೆಂದೂ ಆತ್ಮಹತ್ಯೆ ಮಾಡಿಕೊಂಡನೆಂದೂ ಜಗತ್ತು ನಂಬಿತು. ದೇಹ ಒಂದು ಕಾರ್ಖಾನೆಯ ನೆಲದಡಿ ಹೂತುಹೋಯಿತು. ಪ್ರಾಣದ ಜೊತೆ ಮಾನವನ್ನೂ ಕಿತ್ತುಕೊಂಡಿದ್ದಾಯಿತು. ವರ್ಷಗಳ ಮೇಲೆ ಕಿಮ್ ತಾನಾಗಿಯೇ ಹೋಗಿ ನಡೆದದ್ದನ್ನೆಲ್ಲ ಬರೆದ ಪ್ರಮಾಣಪತ್ರವನ್ನು ಹವರ್ಡ್‌ನ ವಿಧವೆ ಶೆರಿಲ್ ಕೈಗೆ ಕೊಡುತ್ತಾಳೆ. ಸಿಕ್ಕಿಬಿದ್ದ ಸಾಲ್ ಮೊದಲು ತನ್ನ ಮಾತಿನ ಚಳಕದಿಂದ ಶಿಕ್ಷೆಯನ್ನು ಏಳೆಂಟು ವರ್ಷಕ್ಕೆ ಇಳಿಸಿಕೊಳ್ಳುತ್ತಾನೆ. ಕಿಮ್ ಮಾಡಿದ್ದು ತಿಳಿದ ಮೇಲೆ ತುಂಬಿದ ಕೋರ್ಟಿನಲ್ಲಿ ಎದ್ದುನಿಂತು ಎಲ್ಲವನ್ನೂ ಒಪ್ಪಿಕೊಂಡು 86 ವರ್ಷದ ಸಜೆ ಹೊತ್ತುಕೊಳ್ಳುತ್ತಾನೆ.

ಇಸ್ಲಾಮಿನಲ್ಲಿ ಹಕ್ಕುಲ್ ಇಬಾದ್ ಎಂಬ ಮಾತಿದೆ: ಒಬ್ಬ ಮನುಷ್ಯನ ಮೇಲೆ ಇನ್ನೊಬ್ಬ ಮನುಷ್ಯನಿಗಿರುವ ಹಕ್ಕು. ಆ ಹಕ್ಕನ್ನು ಕಸಿದವನು ಬರಿದೇ ತೌಬಾ ಮಾಡಿದರೆ ಸಾಲದು, ಕಳೆದುಕೊಂಡವನಿಗೆ ಅದನ್ನು ಹಿಂತಿರುಗಿಸಬೇಕು, ಇಲ್ಲವೇ ಅವನಿಂದ ಕ್ಷಮೆ ಪಡೆಯಬೇಕು ಎಂದು ಉಲೇಮಾಗಳು ಹೇಳುತ್ತ ಬಂದಿದ್ದಾರೆ. ಈ ತಕ್ಕಡಿಯಲ್ಲಿ ತೂಗಿದರೆ ವಾಲ್ಟರ್‌ನ ಸಾವು ಹಗುರ, ಕಿಮ್‌ಳ ಕಾಗದ ಭಾರ. ಸಾಲ್‌ನ ತಪ್ಪೊಪ್ಪಿಗೆಯಲ್ಲೂ ಕಿಮ್‌ಳ ಕಣ್ಣಿಗೆ ಮತ್ತೆ ಮನುಷ್ಯನಾಗಿ ಕಾಣುವ ಆಸೆ ಬೆರೆತಿದೆ, ಹೌದು. ಆದರೂ ಹ್ಯಾಂಕ್‌ನ ಹೆಂಡತಿ ಮೇರಿ ಕೂತಿದ್ದ ಕೋಣೆಯಲ್ಲಿಯೇ ಅವನು ಅದನ್ನು ಹೇಳಿದ. ಕೇಳಬೇಕಾದವರ ಕಿವಿಗೆ ಸತ್ಯ ಬಿತ್ತು. ಧಾರಾವಾಹಿ ಜಾರುವುದು ಅದರ ನಂತರ. ಕ್ಯಾಮೆರಾ ಜೈಲಿನಲ್ಲಿ ಒಂದೇ ಸಿಗರೇಟು ಹಂಚಿಕೊಳ್ಳುವ ಈ ಇಬ್ಬರ ಬಳಿಯೇ ನಿಂತುಬಿಡುತ್ತದೆ, ಶೆರಿಲ್‌ಳ ಮುಂದಿನ ಬದುಕು ಪರದೆಯ ಆಚೆಯೇ ಉಳಿಯುತ್ತದೆ.

ಇದು ಬರೀ ಟಿ.ವಿ. ಕಥೆಗಳ ಮಾತಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಯಾರ ಗತಿ ಏನಾಗಬೇಕು ಎಂದು ಸೋಫಾದ ಮೇಲೆ ಕೂತು ನಿರ್ಧರಿಸುವ ಚಟ ಧಾರಾವಾಹಿ ಮುಗಿದ ಮೇಲೂ ನಮ್ಮನ್ನು ಬಿಡುವುದಿಲ್ಲ. ಸುದ್ದಿ ವಾಹಿನಿಯಲ್ಲಿ ಒಬ್ಬ ಹುಡುಗನ ಫೋಟೊ ಬಂದ ಕೂಡಲೆ ಹೆಸರು ಓದಿ ಗತಿ ಊಹಿಸುತ್ತೇವೆ. ಎನ್‌ಕೌಂಟರ್ ಆದರೆ ಸಿಹಿ ಹಂಚುವವರೂ ಇದ್ದಾರೆ. ಆರೋಪಪಟ್ಟಿಗೂ ಮೊದಲೇ ಮುಗಿದ ಈ ವಿಚಾರಣೆಯಲ್ಲಿ ಸತ್ತವನ ಮನೆಯವರಿಗೆ ಸತ್ಯ ತಿಳಿಯುವುದಿಲ್ಲ, ಅವನಿಂದ ಅನ್ಯಾಯವಾದವರಿಗೂ ತಿಳಿಯುವುದಿಲ್ಲ. ಅವರ ಹೆಸರು ಎರಡು ದಿನದ ನಂತರ ಯಾರಿಗೂ ನೆನಪಿರುವುದಿಲ್ಲ.

ಹಾಗೆಂದು ಊಹಿಸುವುದನ್ನು ನಿಲ್ಲಿಸಿ ಎಂದು ಯಾರಿಗೆ ಹೇಳಲಾದೀತು? ದಾಸ್ತಾನು ಕೇಳುವವನು ಮುಂದೇನಾಯಿತು ಎಂದು ಕೇಳಿಯೇ ಕೇಳುತ್ತಾನೆ, ಕೇಳದಿದ್ದರೆ ಹೇಳುವವನಿಗೂ ಹುರುಪಿರುವುದಿಲ್ಲ. ನಾವು ಕೋರುವುದು ಇಷ್ಟೆ: ಮುಂದಿನ ಸಲ ಯಾವುದಾದರೂ ಅಪರಾಧ ಕಥೆ ಮುಗಿಯುವ ಹೊತ್ತಿಗೆ ಗೆಳೆಯರು ಕೂತು ಪಟ್ಟಿ ಮಾಡುವಾಗ, ನಾಯಕ ಖಳನಾಯಕರ ಹೆಸರುಗಳ ಕೆಳಗೆ ಇನ್ನೂ ಮೂರು ನಾಲ್ಕು ಸಾಲು ಜಾಗ ಬಿಡಿ. ಅಲ್ಲಿ ಬ್ರಾಕ್‌ನ ಹೆಸರು ಬರೆಯಿರಿ, ಶೆರಿಲ್‌ಳ ಹೆಸರು ಬರೆಯಿರಿ, ಅಂಗಡಿಯೊಳಗೆ ಹೊರಟುಹೋದ ಮ್ಯಾನುಯೆಲ್‌ನ ಹೆಸರು ಬರೆಯಿರಿ. ಅವರ ಮುಂದೆ ಏನು ಗುರುತು ಹಾಕಬೇಕೆಂದು ಯೋಚಿಸುವಾಗ ಆಟ ಸ್ವಲ್ಪ ಹೊತ್ತು ನಿಂತರೆ ನಿಲ್ಲಲಿ.