ಬುಧವಾರದ ಕಡತ

ಸಿನ್ ಫ್ಲಡ್‌ನಂಥ ಅಬ್ಬರದ ದಾಳಿಯನ್ನು ಯಾರಾದರೂ ಗುರುತಿಸಿಯಾರು. ಪ್ಯಾಕೆಟ್ಟುಗಳು ಲಕ್ಷಗಟ್ಟಲೆ ಬಂದು ಸುರಿಯುತ್ತವೆ, ಸರ್ವರ್ ಕುಸಿಯುತ್ತದೆ. ಅದರಲ್ಲಿ ಸವಿಯುವಂಥದ್ದು ಕಡಿಮೆ. ನನ್ನ ಮನಸ್ಸನ್ನು ಕದ್ದದ್ದು ಸ್ಲೋಲೋರಿಸ್. ದಾಳಿ ಮಾಡುವವನ ಮೇಲೆ ನನಗೆ ಯಾವ ಪ್ರೀತಿಯೂ ಇಲ್ಲ, ಅವನನ್ನು ಹಿಡಿಯುವ ಜಾಣ್ಮೆಗೆ ನಾನು ಸೋತವನು.

2009ರಲ್ಲಿ ಹೊರಬಂದ ಈ ತಂತ್ರಕ್ಕೆ ನಮ್ಮ ಕಾಡುಪಾಪದ ದಾಯಾದಿ ಪ್ರಾಣಿಯ ಹೆಸರು. ನಡೆಯೂ ಹಾಗೆಯೇ, ಮೆಲ್ಲಮೆಲ್ಲಗೆ. ನೂರಾರು ಸಂಪರ್ಕ ತೆರೆದು, ಪ್ರತಿಯೊಂದರಲ್ಲೂ ಕೋರಿಕೆಯ ಮೊದಲ ಕೆಲವು ಸಾಲುಗಳನ್ನಷ್ಟೇ ಕಳಿಸುತ್ತದೆ. ಸುಮ್ಮನಾಗುತ್ತದೆ. ಸರ್ವರ್ ಬೇಸತ್ತು ಸಂಪರ್ಕ ಕಡಿಯಬೇಕು ಅನ್ನುವಷ್ಟರಲ್ಲಿ ಇನ್ನೊಂದು ಸಾಲು. ಕೋರಿಕೆ ಮುಗಿಯಿತೆಂದು ತಿಳಿಸುವ ಆ ಕೊನೆಯ ಖಾಲಿ ಸಾಲು ಮಾತ್ರ ಬರುವುದೇ ಇಲ್ಲ. ಕಾಯುತ್ತ ಕಾಯುತ್ತ ಸರ್ವರಿನ ಜಾಗವೆಲ್ಲ ತುಂಬಿ, ನಿಜವಾದ ಗಿರಾಕಿಗಳು ಹೊರಗೇ ಉಳಿಯುತ್ತಾರೆ. ಇಷ್ಟಕ್ಕೆ ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು.

ಇಂಥ ದಾಳಿಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸಲೆಂದು ಕೆನಡಾದ ನ್ಯೂ ಬ್ರನ್ಸ್‌ವಿಕ್ ವಿಶ್ವವಿದ್ಯಾಲಯದವರು 2017ರ ಜುಲೈ 3ರಿಂದ 7ರವರೆಗೆ ಪ್ರಯೋಗದ ಜಾಲವೊಂದರ ಸಂಚಾರವನ್ನೆಲ್ಲ ದಾಖಲಿಸಿಟ್ಟರು. ಸೋಮವಾರ ಬರೀ ನಿತ್ಯದ ಓಡಾಟ. ಬುಧವಾರ ಬೆಳಿಗ್ಗೆ ಮೊದಲು ಸ್ಲೋಲೋರಿಸ್, ಆಮೇಲೆ ಹಲ್ಕ್, ಗೋಲ್ಡನ್‌ಐ ಮುಂತಾದ ದಾಳಿಗಳು. ಪ್ರತಿ ಸಂಪರ್ಕಕ್ಕೂ ಸುಮಾರು ಎಂಬತ್ತು ಅಳತೆ: ಎಷ್ಟು ಹೊತ್ತು ಬಾಳಿತು, ಎಷ್ಟು ಬೈಟ್ ಸಾಗಿಸಿತು, ಒಂದು ಪ್ಯಾಕೆಟ್ಟಿಗೂ ಮುಂದಿನದಕ್ಕೂ ನಡುವೆ ಎಷ್ಟು ಮೈಕ್ರೋಸೆಕೆಂಡು ಕಳೆಯಿತು. ಈ ನಡುವಿನ ಅಂತರದ ಕಾಲಂಗಳ ಮುಂದೆ ನಾನು ಗಂಟೆಗಟ್ಟಲೆ ಕೂರಬಲ್ಲೆ. ಹಲ್ಕ್ ಬಂದಾಗ ಕೋರಿಕೆಗಳು ಒಂದರ ಮೇಲೊಂದು ಸುರಿಯುತ್ತವೆ. ಸ್ಲೋಲೋರಿಸ್‌ನಲ್ಲಿ ಅಂತರಗಳು ನೀಳವಾಗಿ, ಸಾವಧಾನವಾಗಿ, ಒಂದು ಬಗೆಯ ಕಪಟದ ಸಹನೆಯಿಂದ ಹರಡಿಕೊಂಡಿರುತ್ತವೆ.

ಈ ಅಳತೆಗಳನ್ನು ಓದಿ ದಾಳಿಯೋ ಅಲ್ಲವೋ ಎಂದು ತೀರ್ಪು ಕೊಡಲು ನನಗೆ ಮೆಚ್ಚಿನದು ಲಿಯೋ ಬ್ರೈಮನ್ 2001ರಲ್ಲಿ ಮಂಡಿಸಿದ ರ‍್ಯಾಂಡಮ್ ಫಾರೆಸ್ಟ್. ಡೀಪ್ ಲರ್ನಿಂಗ್ ಪ್ರಿಯರು ಕ್ಷಮಿಸಲಿ. ನೂರು ನಿರ್ಣಯವೃಕ್ಷಗಳು; ಒಂದೊಂದಕ್ಕೂ ದತ್ತಾಂಶದ ಬೇರೆ ಬೇರೆ ತುಣುಕು, ಕವಲೊಡೆಯುವ ಪ್ರತಿ ಕಡೆಯಲ್ಲೂ ಆಯ್ಕೆಗೆ ಕೆಲವೇ ಅಳತೆಗಳು. ಮೂಡುಬಿದಿರೆಯಲ್ಲಿ 1430ರಲ್ಲಿ ಎದ್ದ ಸಾವಿರ ಕಂಬದ ಬಸದಿಯಲ್ಲಿ ಒಂದು ಕಂಬದ ಕೆತ್ತನೆ ಇನ್ನೊಂದರಂತಿಲ್ಲ ಎನ್ನುತ್ತಾರಲ್ಲ, ಆದರೂ ಮಾಡು ಒಂದೇ. ಇಲ್ಲೂ ಹಾಗೆ, ಮರಕ್ಕೊಂದು ಬಗೆ, ಬಹುಮತದ ತೀರ್ಪು ಒಂದೇ. ಬೇಕಾದರೆ ಒಂದು ಮರವನ್ನು ಬಿಡಿಸಿ, ಅದು ಕೇಳಿದ ಪ್ರಶ್ನೆಗಳನ್ನು ಬೇರಿನಿಂದ ಎಲೆಯವರೆಗೆ ಓದಿ ನೋಡಬಹುದು. ಆ ಸುಖವೇ ಬೇರೆ!

ಶೇ. 99 ನಿಖರತೆ ಬಂತೆಂದು ಬೀಗುವವರನ್ನು ನಾನು ನಂಬುವುದಿಲ್ಲ. ಐಪಿ ವಿಳಾಸ, ಪೋರ್ಟ್ ಸಂಖ್ಯೆಯ ಕಾಲಂಗಳನ್ನು ಹಾಗೇ ಬಿಟ್ಟಿದ್ದರೆ ಯಂತ್ರ ಕಳ್ಳನ ಮನೆ ನಂಬರ್ ಬಾಯಿಪಾಠ ಮಾಡಿರುತ್ತದೆ, ಅಷ್ಟೇ. ನಿಜವಾದ ಪರೀಕ್ಷೆ ಪಿಯುಸಿ ಫಲಿತಾಂಶದ ದಿನದಂಥದ್ದು: ಬಂಟ್ವಾಳದಿಂದ ಬೀದರ್‌ವರೆಗಿನ ಮಕ್ಕಳು ಒಂದೇ ತಾಣಕ್ಕೆ ನುಗ್ಗುವಾಗ ಆ ನೂಕುನುಗ್ಗಲನ್ನು ದಾಳಿಯೆಂದು ತಿಳಿಯದಿರುವ ನಯ ಬೇಕು. ಮನುಷ್ಯ ತಡವರಿಸುತ್ತಾನೆ, ತಪ್ಪು ಒತ್ತುತ್ತಾನೆ, ಅಂಕ ನೋಡಿ ಹೊರಡುತ್ತಾನೆ. ಆ ಏರುಪೇರನ್ನು ಗುರುತಿಸುವ ಮಾದರಿಯೇ ಉತ್ತಮ ಮಾದರಿ.

ಮಿಜಾರಿನಲ್ಲೋ ಉಜಿರೆಯಲ್ಲೋ ಬೆಂಜನಪದವಿನಲ್ಲೋ ಎಂಜಿನಿಯರಿಂಗ್ ಓದುತ್ತಿರುವ ಮಕ್ಕಳೇ, ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಆ ಬುಧವಾರದ ಕಡತವನ್ನು ಇಳಿಸಿಕೊಳ್ಳಿ. ಯಂತ್ರಕ್ಕೆ ಕೊಡುವ ಮೊದಲು ಸ್ಲೋಲೋರಿಸ್‌ನ ಹತ್ತು ಸಾಲುಗಳನ್ನು ನೀವೇ ಕಣ್ಣಾರೆ ಓದಿ.